ಹತ್ತನೆಯವನು

ನನ್ನ ಭಾಮೈದ ವೆಲ್ಡರ್. ಮಂಡ್ಯದ ಒಂದು ಶೆಡ್ಡಿನಲ್ಲಿ 18 ವರ್ಷದಿಂದ ಗೇಟು, ಗ್ರಿಲ್ಲು, ಕಬ್ಬಿನ ಟ್ರೇಲರು ಅಂತ ಕಬ್ಬಿಣ ಸುಡುತ್ತಿದ್ದಾನೆ. ಕಟಾವು ಶುರುವಾದರೆ ಊಟಕ್ಕೂ ಪುರುಸೊತ್ತಿಲ್ಲ. ಆಲೆಮನೆಯವರು ತೂತು ಬಿದ್ದ ಕೊಪ್ಪರಿಗೆಯನ್ನು ನೇರ ಅವನ ಮುಂದೆಯೇ ಇಳಿಸುತ್ತಾರೆ.

ಈಗ ಅವನಿಗೆ ಆಸ್ಟ್ರೇಲಿಯಾ ಹುಚ್ಚು. ವೀಸಾಕ್ಕೆ ಮೊದಲು, ಇವನಿಗೆ ಕೆಲಸ ಬರುತ್ತಾ ಅಂತ ಅಲ್ಲಿನವರು ನೋಡಬೇಕು. ಕೈ ನೋಡುವುದು ಆಮೇಲೆ. ಮೊದಲು ಕಾಗದ. ಸಂಬಳದ ಚೀಟಿ, ಬ್ಯಾಂಕ್ ಸ್ಟೇಟ್‌ಮೆಂಟ್, ತೆರಿಗೆ ಕಟ್ಟಿದ ದಾಖಲೆ, ಯಾವತ್ತಿಂದ ಯಾವತ್ತಿನವರೆಗೆ ಏನೇನು ಮಾಡಿದ ಅಂತ ಯಜಮಾನರ ಲೆಟರ್‌ಹೆಡ್ಡಿನಲ್ಲಿ ಒಂದು ಪತ್ರ. ನ್ಯಾಯವಾಗೇ ಕೇಳಿದ್ದಾರೆ ಬಿಡಿ.

ತೊಡಕು ಇರುವುದು ಇಲ್ಲೇ. ಹತ್ತು ಜನ ಕೆಲಸಕ್ಕಿದ್ದರೆ ಯಜಮಾನರು ಇಎಸ್‌ಐ, ಅಂದರೆ ಕೆಲಸದವರ ಆರೋಗ್ಯ ವಿಮೆ, ಕಟ್ಟಬೇಕು. ಆದ್ದರಿಂದ ಶೆಡ್ಡಿನಲ್ಲಿ ಹದಿನಾಲ್ಕು ಜನ ದುಡಿದರೂ ಹಾಜರಿ ಪುಸ್ತಕದಲ್ಲಿ ಒಂಬತ್ತೇ ಹೆಸರು. ಇನ್‌ಸ್ಪೆಕ್ಟರ್ ಬಂದ ದಿನ ನನ್ನ ಭಾಮೈದ ಎದುರಿನ ಟೀ ಅಂಗಡಿಯ ಗಿರಾಕಿ. ಹೊಳೆ ದಾಟಿದ ಹತ್ತು ಜನ ದಡ್ಡರು ಒಬ್ಬ ಕಮ್ಮಿ ಅಂತ ಎಣಿಸಿಕೊಂಡು ಅತ್ತ ಕತೆ ಗೊತ್ತಲ್ವಾ? ಯಜಮಾನರು ದಡ್ಡರಲ್ಲ. ಒಂಬತ್ತು ಎಣಿಸಿದರು, ಆದರೆ ಅಳಲಿಲ್ಲ.

18 ವರ್ಷ ಇವನು ಇಲ್ಲವೇ ಇಲ್ಲ ಅಂದವರು ಈಗ ಇದ್ದ ಅಂತ ಬರೆದುಕೊಡಬೇಕು. "ಕೊಡ್ತೀನಿ ಕಣ್ಲಾ, ನೀನು ನನ್ ಮಗ ಇದ್ದಂಗೆ. ಆದ್ರೆ ತಾರೀಖು ಬೇಡ, ಸಂಬಳಾನೂ ಬೇಡ" ಅಂದರು. ಲೆಟರ್‌ಹೆಡ್ ಇರಲಿಲ್ಲ. ಮದುವೆ ಕಾರ್ಡು ಅಚ್ಚು ಹಾಕುವವನಿಗೆ ಹೇಳಿದೆವು. ಅವನು ಅಭ್ಯಾಸಬಲದಿಂದ ಕೆಳಗೆ 'ತಮ್ಮ ಆಗಮನಾಭಿಲಾಷಿಗಳು' ಅಂತ ಸೇರಿಸಿಬಿಟ್ಟ.

ಕೆಲಸ ಮಾಡುವ ವಿಡಿಯೊ ಕೂಡ ಬೇಕಂತೆ. ಇವನು ಹವಾಯಿ ಚಪ್ಪಲಿಯಲ್ಲೇ, ಕಣ್ಣು ಕಿರಿದು ಮಾಡಿಕೊಂಡು ವೆಲ್ಡಿಂಗ್ ಮಾಡುವವನು. ಶೂ, ಗ್ಲೌಸು, ಹೆಲ್ಮೆಟ್ಟು ಸಾಲ ತಂದು ಹಾಕಿಸಿದೆ. ಸೊಗಸಾಗಿ ಬಂತು, ಮುಖ ಮಾತ್ರ ಕಾಣಲಿಲ್ಲ. ಹೆಲ್ಮೆಟ್ ಹಾಕಿದರೆ ಇವನು ಯಾರು ಅಂತ ಗೊತ್ತಾಗಲ್ಲ, ತೆಗೆದರೆ ಸುರಕ್ಷತೆ ಗೊತ್ತಿಲ್ಲದವನು. ಗ್ಲೌಸಿನೊಳಗೆ ಮೊಣಕೈವರೆಗೆ ಕಿಡಿ ಬಿದ್ದ ಕಪ್ಪು ಚುಕ್ಕೆಗಳಿವೆ, ಲೆಕ್ಕ ಹಾಕಿದರೆ ವರ್ಷಕ್ಕೆ ಹತ್ತರ ಮೇಲೇ. ಅದನ್ನು ಸ್ಕ್ಯಾನ್ ಮಾಡಿ ಹಾಕಲು ಜಾಗವಿಲ್ಲ.

ಸಂಬಳದ ಚೀಟಿಯ ಮಾತೇ ಬೇಡ. ಶನಿವಾರ ಬಟವಾಡೆ, ಕೈಗೆ ನಗದು. ಕೊನೆಗೆ ಸಿಕ್ಕಿದ್ದು ಯಜಮಾನರ ಅಡ್ವಾನ್ಸ್ ಪುಸ್ತಕ. ಹಾಜರಿ ಪುಸ್ತಕ ಸುಳ್ಳು ಹೇಳಬಹುದು, ಕೊಟ್ಟ ಸಾಲದ ಪುಸ್ತಕ ಹೇಳುತ್ತದಾ? ಮಾರಿಹಬ್ಬಕ್ಕೆ ಮರಿ ತರಲು 2,000, ತಂಗಿ ಬಾಣಂತನಕ್ಕೆ 5,000. ತಾರೀಖು, ರುಜು, ವಾರವಾರ ಮುರಿದುಕೊಂಡಿದ್ದು, ಎಲ್ಲ ಪಕ್ಕಾ. 18 ವರ್ಷ ಒಂದೂ ಬಿಟ್ಟಿಲ್ಲ.

ಆದರೆ ಪುಸ್ತಕದ ತುಂಬ ಇವನ ಹೆಸರು ಬರೀ 'ಕುಳ್ಳ'.

ಕುಳ್ಳನೂ ಪಾಸ್‌ಪೋರ್ಟಿನವನೂ ಒಬ್ಬನೇ ಅಂತ ಅಫಿಡವಿಟ್ ಮಾಡಿಸಲು ಕೋರ್ಟಿನ ಮುಂದಿನ ನೋಟರಿಯ ಹತ್ತಿರ ಹೋದೆವು. ಅವರು ಕನ್ನಡಕ ಮೇಲೇರಿಸಿ ಇವನನ್ನು ಮೇಲಿಂದ ಕೆಳಗೆ ನೋಡಿದರು.

"ಇವನೇನು ಅಷ್ಟು ಕುಳ್ಳ ಇಲ್ವಲ್ರೀ. ಪ್ರೂಫ್ ಏನಾದ್ರೂ ಇದೆಯಾ?"