ಮಾಲೇರಿಯ ಕೆಂಪು ಮಣ್ಣಲ್ಲಿ ಡೈನೋಸಾರ್ ಇನ್ನೂ ಬಡಪಾಯಿ

ಹೋದ ಭಾನುವಾರ ಲಾಲ್‌ಬಾಗ್ ಬಂಡೆ ಮೇಲೆ ಕೂತಿದ್ದಾಗ ಅಕ್ಕನ ಮಗಳು ಕೇಳಿದಳು: "ಮಾಮ, ಇದನ್ನ ಒಡೆದ್ರೆ ಒಳಗೆ ಡೈನೋಸಾರ್ ಸಿಗುತ್ತಾ?"

ಇಲ್ಲ ಪುಟ್ಟಿ, ಈ ಬಂಡೆಗೆ ಸುಮಾರು 300 ಕೋಟಿ ವರ್ಷ, ಆಗ ಮೂಳೆ ಅನ್ನೋದೇ ಹುಟ್ಟಿರಲಿಲ್ಲ ಅಂದೆ. ಮುಖ ಸಪ್ಪಗಾಯಿತು. "ಹಾಗಾದ್ರೆ ಅಮೆರಿಕಕ್ಕೇ ಹೋಗ್ಬೇಕಾ?"

ನನಗೆ ಕಿರಿಕಿರಿ ಆಗೋದು ಇಲ್ಲೇ. ನಮ್ಮ ಮಕ್ಕಳಿಗೆ ಟಿ. ರೆಕ್ಸ್ ನೆಂಟರಷ್ಟು ಪರಿಚಯ, ಪಕ್ಕದ ತೆಲಂಗಾಣದ ಮಾಲೇರಿ ಹೆಸರೇ ಕೇಳಿಲ್ಲ. ಪ್ರಾಣಹಿತಾ-ಗೋದಾವರಿ ಕಣಿವೆಯ ಆ ಕೆಂಪು ಜೇಡಿ ಪದರಗಳಿಗೆ 22 ಕೋಟಿ ವರ್ಷದ ಆಸುಪಾಸು. ಟ್ರಯಾಸಿಕ್ ಕಾಲ. ಡೈನೋಸಾರ್‌ಗಳು ಆಗಷ್ಟೇ ಕಣ್ಣು ಬಿಡುತ್ತಿದ್ದವು.

ಅಲ್ಲಿ ಹೇರಳವಾಗಿ ಸಿಗೋದು ಹೈಪರೋಡಪೆಡಾನ್ ಎಂಬ ಸರೀಸೃಪ. ದುಂಡು ಮೈ, ಗಿಳಿ ಕೊಕ್ಕಿನಂಥ ಮೂತಿ, ಮೇಲ್ದವಡೆಯಲ್ಲಿ ಸಾಲುಸಾಲು ಹಲ್ಲು. ಇದರ ದಾಯಾದಿಗಳು ಸ್ಕಾಟ್ಲೆಂಡ್, ಬ್ರೆಜಿಲ್‌ನಲ್ಲೂ ಸಿಕ್ಕಿವೆ (ಖಂಡಗಳೆಲ್ಲ ಆಗ ಒಟ್ಟು ಕುಟುಂಬ). ನೀರಲ್ಲಿ ಮೊಸಳೆಯಂಥ ಪ್ಯಾರಾಸೂಕಸ್. ಅದರ ಎರಡು ಅಸ್ಥಿಪಂಜರಗಳ ಹೊಟ್ಟೆಯ ಜಾಗದಲ್ಲಿ ಮಾಲೇರಿಸಾರಸ್ ಎಂಬ ಇನ್ನೊಂದು ಸರೀಸೃಪದ ಮೂಳೆಗಳಿದ್ದವು. ಉಂಡದ್ದು ಅರಗುವ ಮುಂಚೆಯೇ ಎರಡೂ ಸತ್ತಿವೆ!

ಡೈನೋಸಾರ್ ಎಲ್ಲಿ? ಮಾಲೇರಿಯ ಕೆಳಗಿನ ಪದರದಲ್ಲಿ ಆಲ್‌ವಾಕೇರಿಯಾ ಅಂತ ಒಂದಿದೆ, ಅದೂ ಚೂರುಪಾರು. 1987ರಲ್ಲಿ ವಾಕೇರಿಯಾ ಅಂತ ಹೆಸರಿಟ್ಟರು. ಆ ಹೆಸರು ಆಗಲೇ ಒಂದು ಸಣ್ಣ ಕಡಲಜೀವಿಗೆ ಹೋಗಿತ್ತು, 1994ರಲ್ಲಿ ಬದಲಾಯಿಸಿದರು. ಆಮೇಲೆ ನೋಡಿದರೆ ಅದರಲ್ಲಿ ಬೇರೆ ಪ್ರಾಣಿಗಳ ಮೂಳೆಯೂ ಬೆರೆತಿದೆ. ಮಕ್ಕಳ ಪುಸ್ತಕಗಳು ಹುಟ್ಟುತ್ತಲೇ ಕಿರೀಟ ತೊಡಿಸುವ "ಡೈನೋಸಾರ್ ಮಹಾರಾಜ" ಮಾಲೇರಿಯಲ್ಲಿ ಹೀಗೆ ಮೂಲೆಯಲ್ಲಿ ಮುದುರಿ ಕೂತಿದ್ದಾನೆ. ನನಗೆ ಈ ಕಥೆಯೇ ಹೆಚ್ಚು ರುಚಿ.

ಅದೇ ಕಣಿವೆಯಲ್ಲಿ ಮೇಲಿನ ಕೋಟಾ ಪದರಕ್ಕೆ ಬನ್ನಿ, ಜುರಾಸಿಕ್ ಕಾಲಕ್ಕೆ. ಮಹಾರಾಷ್ಟ್ರದ ಸಿರೋಂಚಾ ಬಳಿ ಒಂದು ದೈತ್ಯ ಡೈನೋಸಾರ್ ಜಾತಿಯ ಸುಮಾರು 300 ಮೂಳೆ, ಕಡಿಮೆಯೆಂದರೂ ಆರು ಪ್ರಾಣಿಗಳವು. ತೊಡೆಮೂಳೆಯೇ ಆಳುದ್ದ. ತಲೆಬುರುಡೆ ಮಾತ್ರ ಒಂದೂ ಇಲ್ಲ. ಬಂಗಾಳಿಯಲ್ಲಿ "ಬಡೋ ಪಾ" ಅಂದರೆ ದೊಡ್ಡ ಕಾಲು. ಅಗೆತ ನಡೆದ 1961 ಟಾಗೋರರ ಜನ್ಮಶತಮಾನೋತ್ಸವದ ವರ್ಷ. ಹಾಗಾಗಿ ಅದು ಬರಪಾಸಾರಸ್ ಟಾಗೋರಿ. ಅಗೆದವರು ಯಾರು ಗೊತ್ತಾ? ಮಹಾಲನೋಬಿಸ್ ಕಟ್ಟಿದ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯವರು. ಅಸ್ಥಿಪಂಜರ ಈಗಲೂ ಕೋಲ್ಕತ್ತದ ಆ ಸಂಸ್ಥೆಯಲ್ಲೇ ನಿಂತಿದೆ.

ಬೇಸಿಗೆ ರಜಕ್ಕೆ ಕೋಲ್ಕತ್ತಕ್ಕೆ ಕರ್ಕೊಂಡು ಹೋಗ್ಲಾ ಅಂತ ಅಕ್ಕನನ್ನ ಕೇಳಿದೆ. "ಲೆಕ್ಕದವರ ಮನೆಗೆ ತಾನೇ? ಮೊದಲು ಅವಳಿಗೆ ಹದಿಮೂರರ ಮಗ್ಗಿ ಬರಲಿ" ಅಂದಳು.