ಉಡುಗೊರೆಯಾಗಿ ಹೋದ ಕುದುರೆಗಳು

ಕಂಚಿನಲ್ಲಿ ಎರಕ ಹೊಯ್ದು ಮುಗಿಸಿದ ಎರಡು ಕುದುರೆಗಳನ್ನು, ಇನ್ನೂ ಜಾಗದಲ್ಲಿ ನಿಲ್ಲಿಸುವ ಮೊದಲೇ, ರಷ್ಯಾದ ಚಕ್ರವರ್ತಿ ಇನ್ನೊಂದು ದೇಶದ ರಾಜನಿಗೆ ಕೊಟ್ಟುಬಿಟ್ಟರೆ ಆ ಶಿಲ್ಪಿಗೆ ಹೇಗಾಗಿರಬೇಕು? ಪ್ಯೋತರ್ ಕ್ಲೋಟ್‌ಗೆ ಹಾಗೇ ಆಯಿತು.

ಕ್ಲೋಟ್ ಹುಟ್ಟಿದ್ದು 1805ರಲ್ಲಿ, ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ. ಬಾಲ್ಟಿಕ್ ಜರ್ಮನ್ ಮನೆತನ, ಬ್ಯಾರನ್ ಬಿರುದು. ಅಪ್ಪ ರಷ್ಯಾದ ಸೇನೆಯಲ್ಲಿ ಜನರಲ್. ಹಾಗಾಗಿ ಬಾಲ್ಯ ಕಳೆದದ್ದು ದೂರದ ಸೈಬೀರಿಯಾದ ಓಮ್ಸ್ಕ್‌ನಲ್ಲಿ. ಮಗನೂ ಫಿರಂಗಿ ದಳದ ಶಾಲೆಯಲ್ಲಿ ಓದಿ ಅಧಿಕಾರಿಯಾದ. ಆದರೆ ಮನಸ್ಸು ಅಲ್ಲಿರಲಿಲ್ಲ. ಬಿಡುವಾದಾಗಲೆಲ್ಲ ಕುದುರೆಯ ಚಿತ್ರ ಬರೆಯುವುದು, ಮರದಲ್ಲಿ ಕುದುರೆ ಕೆತ್ತುವುದು. ಕೊನೆಗೆ ನೌಕರಿ ಬಿಟ್ಟು ಕಲೆಗೇ ಬಂದ. ನಾರ್ವಾ ವಿಜಯದ್ವಾರದ ಮೇಲೆ ರಥ ಎಳೆಯುವ ಆರು ಕುದುರೆಗಳು ಅವನ ಮೊದಲ ದೊಡ್ಡ ಕೆಲಸ. ಆ ದ್ವಾರ ಪೂರ್ತಿಯಾದದ್ದು 1834ರಲ್ಲಿ.

ನನಗೆ ಅವನ ಮೇಲೆ ಗೌರವ ಜಾಸ್ತಿಯಾಗುವುದು ಎರಕದ ವಿಷಯಕ್ಕೆ. ಸಾಮಾನ್ಯವಾಗಿ ಶಿಲ್ಪಿ ಮಾದರಿ ಮಾಡಿಕೊಡುತ್ತಾನೆ, ಲೋಹದ ಕೆಲಸ ಬೇರೆಯವರದು. ಕಲಾ ಅಕಾಡೆಮಿಯ ಎರಕದ ಮನೆಯನ್ನು ನೋಡಿಕೊಳ್ಳುತ್ತಿದ್ದ ವಸೀಲಿ ಯೆಕಿಮೊವ್ ತೀರಿಕೊಂಡ ಮೇಲೆ ಕ್ಲೋಟ್ ಆ ಹೊಣೆಯನ್ನೂ ಹೊತ್ತ. ಬೆಂಕಿಯ ಮುಂದೆ ತಾನೇ ನಿಂತ. ಅಚ್ಚು ಒಡೆದರೆ ತಿಂಗಳುಗಟ್ಟಲೆ ದುಡಿದದ್ದು ಹೋಯಿತು ಅಂತ ಗೊತ್ತಿದ್ದೂ ನಿಂತ.

ಈಗ ಸೇಂಟ್ ಪೀಟರ್ಸ್‌ಬರ್ಗ್‌ನ ಆನಿಚ್ಕೊವ್ ಸೇತುವೆಗೆ ಬರೋಣ. 1841ರಲ್ಲಿ ಸೇತುವೆಯ ಪಶ್ಚಿಮ ತುದಿಯಲ್ಲಿ ಎರಡು ಕಂಚಿನ ಕುದುರೆಗಳು ನಿಂತವು, ಪಕ್ಕದಲ್ಲಿ ಅವನ್ನು ಪಳಗಿಸುವ ಯುವಕರು. ಪೂರ್ವದ ತುದಿಯಲ್ಲಿ ಸದ್ಯಕ್ಕೆ ಅವುಗಳದ್ದೇ ಪ್ಲಾಸ್ಟರ್ ನಕಲು, ಮೇಲೆ ಕಂಚಿನ ಬಣ್ಣ. ಆ ಜಾಗಕ್ಕೆ ಎಂದು ಎರಕ ಹೊಯ್ದ ಜೋಡಿಯನ್ನು ಚಕ್ರವರ್ತಿ ಒಂದನೇ ನಿಕೊಲಾಯ್, ಆಗಿನ ಜರ್ಮನ್ ರಾಜ್ಯ ಪ್ರಶ್ಯದ ರಾಜನಿಗೆ ಕೊಟ್ಟ. ಅವು ಬರ್ಲಿನ್ ಅರಮನೆಯ ಮುಂದೆ ನಿಂತವು. ಕ್ಲೋಟ್ ಮತ್ತೆ ಎರಕ ಹೊಯ್ದ. 1846ರಲ್ಲಿ ಆ ಜೋಡಿಯೂ ನೇಪಲ್ಸ್‌ನ ರಾಜನ ಪಾಲಾಯಿತು.

ಮೂರನೇ ಸಲ ಅದೇ ಅಚ್ಚಿನಿಂದ ಇನ್ನೊಂದು ಜೋಡಿ ತೆಗೆದಿದ್ದರೆ ಯಾರೂ ತಪ್ಪು ಹುಡುಕುತ್ತಿರಲಿಲ್ಲ. ಕ್ಲೋಟ್ ಹಾಗೆ ಮಾಡಲಿಲ್ಲ. ಎರಡು ಹೊಸ ಶಿಲ್ಪಗಳನ್ನೇ ಮಾಡಿದ. ಒಂದರಲ್ಲಿ ಕುದುರೆ ಹಿಂಗಾಲ ಮೇಲೆ ಎದ್ದು ನಿಂತಿದೆ, ಯುವಕ ನೆಲಕ್ಕೆ ಬಿದ್ದಿದ್ದಾನೆ, ಆದರೂ ಲಗಾಮು ಬಿಟ್ಟಿಲ್ಲ. ಇನ್ನೊಂದರಲ್ಲಿ ಮಂಡಿಯೂರಿ ಎಳೆಯುತ್ತಿದ್ದಾನೆ. 1851ರಿಂದ ಸೇತುವೆಯ ನಾಲ್ಕು ಮೂಲೆಗಳಲ್ಲಿ ನಾಲ್ಕು ಬೇರೆ ಬೇರೆ ಘಳಿಗೆಗಳಿವೆ. ಮೊದಲು ಅಲ್ಲಿದ್ದದ್ದು ಎರಡು ಶಿಲ್ಪ ಮತ್ತು ಅವುಗಳ ನಕಲು, ಈಗಿರುವುದು ಒಂದು ಇಡೀ ಹೋರಾಟ.

ಚಕ್ರವರ್ತಿ ಉಡುಗೊರೆ ಕೊಡದಿದ್ದರೆ ಈ ನಾಲ್ಕು ಎಲ್ಲಿ ಬರುತ್ತಿದ್ದವು ಅಂತ ಯಾರಾದರೂ ಕೇಳಬಹುದು. ಈ ವಾದ ನನಗೆ ಸುತರಾಂ ಒಪ್ಪಿಗೆಯಿಲ್ಲ. ಉಡುಗೊರೆ ಕೊಟ್ಟವನು ಹೊಸದೇನನ್ನೂ ಮಾಡಲಿಲ್ಲ. ದುಡಿದ ಕೈಗೆ ಸಲ್ಲಬೇಕಾದ ಹೆಸರನ್ನು ಸಿಂಹಾಸನಕ್ಕೆ ಕೊಡುವುದು ಯಾವ ನ್ಯಾಯ? ಅದೇ ನಿಕೊಲಾಯ್‌ನ ಪ್ರತಿಮೆಯನ್ನೂ ಕ್ಲೋಟ್ ಮಾಡಿದ, 1859ರಲ್ಲಿ. ಅಷ್ಟು ದೊಡ್ಡ ಕುದುರೆ, ಮೇಲೆ ಸವಾರ, ಎಲ್ಲ ಭಾರವೂ ಎರಡು ಹಿಂಗಾಲುಗಳ ಮೇಲೆ! ಇವತ್ತು ಜನ ತಲೆಯೆತ್ತಿ ನೋಡುವುದು ಕುದುರೆಯನ್ನೇ, ಅಲ್ವಾ? ಮಾಸ್ಕೋದ ಬೊಲ್ಶೊಯ್ ರಂಗಮಂದಿರದ ಮೇಲಿರುವ ಅಪೊಲೊನ ರಥವೂ ಅವನದೇ. ನೀತಿಕಥೆಗಾರ ಕ್ರಿಲೊವ್‌ನ ಪ್ರತಿಮೆ ಮಾತ್ರ ಬೇರೆ ಥರ. ಅವನು ಸುಮ್ನೆ ಕೂತಿದ್ದಾನೆ, ಕೆಳಗೆ ಪೀಠದ ಸುತ್ತ ಅವನ ಕಥೆಗಳ ಪ್ರಾಣಿಗಳೆಲ್ಲ ಕಿಕ್ಕಿರಿದಿವೆ. ಮಕ್ಕಳಿಗೆ ತೋರಿಸಬೇಕಾದ ಶಿಲ್ಪ.

ಕ್ಲೋಟ್ ರಷ್ಯನ್ನೋ ಜರ್ಮನ್ನೋ ಎಂಬ ಚರ್ಚೆಗೆ ನಾನು ಹೋಗುವುದಿಲ್ಲ. ಎರಡೂ ಹೌದು. ಹಾಗಿರುವುದರಿಂದಲೇ 1941 ಹೆಚ್ಚು ನೋವು ಕೊಡುತ್ತದೆ. ಜರ್ಮನ್ ಸೇನೆ ಲೆನಿನ್‌ಗ್ರಾಡ್ ಅನ್ನು (ಸೇಂಟ್ ಪೀಟರ್ಸ್‌ಬರ್ಗ್‌ನ ಆಗಿನ ಹೆಸರು) ಮುತ್ತಿದಾಗ ನಾಲ್ಕೂ ಕುದುರೆಗಳನ್ನು ಪೀಠದಿಂದ ಇಳಿಸಿ ಪಕ್ಕದ ಆನಿಚ್ಕೊವ್ ಅರಮನೆಯ ತೋಟದಲ್ಲಿ ಹೂತಿಟ್ಟರು. 1945ರಲ್ಲಿ ಹೊರತೆಗೆದು ಮತ್ತೆ ನಿಲ್ಲಿಸಿದರು. ಶೆಲ್ಲಿನ ಚೂರು ತಾಗಿದ ಗುರುತು ಒಂದು ಪೀಠದ ಕಲ್ಲಿನ ಮೇಲೆ ಈಗಲೂ ಇದೆ. ಊರಿನ ಮೇಲೆ ಬಿದ್ದ 1,48,478 ಶೆಲ್‌ಗಳಲ್ಲಿ ಇದು ಒಂದರ ಗುರುತು ಎಂದು ಪಕ್ಕದ ಫಲಕ ಹೇಳುತ್ತದೆ. ಆ ಹೊತ್ತಿನಲ್ಲಿ ಇದೇ ಕ್ಲೋಟ್‌ನ ಕುದುರೆಗಳು ಬರ್ಲಿನ್‌ನಲ್ಲೂ ಇದ್ದವು. ಅವೂ ಯುದ್ಧ ದಾಟಿ ಉಳಿದವು.

ಬರ್ಲಿನ್‌ನಲ್ಲಿರುವ ಗೆಳೆಯರೇ, ಓದಲು, ಕೆಲಸಕ್ಕೆ ಎಂದು ಹೋಗುವವರೇ, ಆ ಜೋಡಿ ಈಗ ಶೋನೆಬರ್ಗ್‌ನ ಕ್ಲೈಸ್ಟ್ ಪಾರ್ಕ್‌ನಲ್ಲಿದೆ. ದಯವಿಟ್ಟು ಒಮ್ಮೆ ಹೋಗಿ ನೋಡಿ. ಫೋಟೋ ತೆಗೆದರೆ ಇಲ್ಲೇ ಕೆಳಗೆ ಹಾಕಿ, ಯುವಕನ ಕೈ ಮತ್ತು ಲಗಾಮು ಹತ್ತಿರದಿಂದ ಕಾಣುವ ಹಾಗೆ.