ಕವಿಗೆ 50 ತುಂಬಿದೆಯಾ?

ಕವಿತೆಯಿಂದ ಜನ ಕೆಡುತ್ತಾರೆ ಎಂದು ಕಡತ ತೆರೆದವರಲ್ಲಿ ಗ್ರೀಕ್ ತತ್ವಜ್ಞಾನಿ ಪ್ಲೇಟೋ ದೊಡ್ಡ ಸಾಹೇಬ. ‘ರಿಪಬ್ಲಿಕ್’ ಗ್ರಂಥದಲ್ಲಿ ಕತ್ತರಿ ಹಿಡಿದು ಮಹಾಕವಿ ಹೋಮರನ ಮುಂದೆ ಕೂತ. ವೀರ ಅಕಿಲೀಸ್ ಅಳುವ ಸಾಲು ಬೇಡ, ಹುಡುಗರು ಅಳುಬುರುಕರಾಗುತ್ತಾರೆ. ದೇವತೆಗಳು ಬಿದ್ದು ಬಿದ್ದು ನಗುವ ಸಾಲೂ ಬೇಡ, ಮರ್ಯಾದೆ ಪ್ರಶ್ನೆ. ಕೊನೆಗೆ ಉಳಿದದ್ದು ದೇವರ ಸ್ತುತಿ, ಸಜ್ಜನರ ಗುಣಗಾನ. ಅಂದರೆ ಭಜನೆ ಮತ್ತು ಬಿನ್ನವತ್ತಳೆ. ಯಾರ ವೇಷ ಬೇಕಾದರೂ ಹಾಕಬಲ್ಲ ಜಾಣ ಕವಿ ಊರಿಗೆ ಬಂದರೆ? ತಲೆಗೆ ಸುಗಂಧತೈಲ ಸುರಿದು, ಉಣ್ಣೆಯ ಪಟ್ಟಿ ಕಟ್ಟಿ, ಬೇರೆ ಊರಿಗೆ ಸಾಗಹಾಕಿ ಎಂದ. ಶಾಲು ಹೊದಿಸಿ ಬಸ್ ಹತ್ತಿಸುವುದು ನಮಗೂ ಗೊತ್ತಿರುವ ವಿದ್ಯೆಯೇ.

ವಯಸ್ಸಾದ ಮೇಲೆ ಕಾನೂನುಗಳ ಬಗ್ಗೆ ಬರೆದ ಗ್ರಂಥದಲ್ಲಿ ಅವನು ಇನ್ನೂ ಬಿಗಿ. ಪದ್ಯವನ್ನು ಮೊದಲು ಪರೀಕ್ಷಕರಿಗೆ ತೋರಿಸಬೇಕು. ಅವರು ಹೂಂ ಅನ್ನುವ ತನಕ ಬೇರೆ ಯಾರಿಗೂ ತೋರಿಸುವಂತಿಲ್ಲ. ಊರಿನ ವೀರರನ್ನು ಹೊಗಳಿ ಹಾಡು ಕಟ್ಟುವವನಿಗೆ 50 ತುಂಬಿರಬೇಕು. ಘನಕಾರ್ಯ ಮಾಡಿ ಹೆಸರು ಗಳಿಸಿರಬೇಕು. ಹಾಡು ಇಂಪಾಗಿರಬೇಕಾ? ಇಲ್ಲದಿದ್ದರೂ ನಡೆಯುತ್ತದೆ! ನಮ್ಮ ಕವಿಗೋಷ್ಠಿಯ ಆಹ್ವಾನ ಪತ್ರಿಕೆ ಮಾಡುವವರು ಪ್ಲೇಟೋನನ್ನು ಓದಿಲ್ಲ ಎಂದು ಯಾರು ಹೇಳಿದ್ದು?

1857ರಲ್ಲಿ ಪ್ಯಾರಿಸ್ ಕೋರ್ಟಿಗೂ ಇದೇ ಚಿಂತೆ. ಲಂಕೇಶರು ‘ಪಾಪದ ಹೂಗಳು’ ಎಂದು ಕನ್ನಡಕ್ಕೆ ತಂದರಲ್ಲ, ಆ ಫ್ರೆಂಚ್ ಕವಿ ಬೋದಿಲೇರನಿಗೆ 300 ಫ್ರಾಂಕ್ ದಂಡ, 6 ಕವಿತೆಗಳಿಗೆ ನಿಷೇಧ. ಅವನು ಮಹಾರಾಣಿಗೆ ಕಾಗದ ಬರೆದುಕೊಂಡ. ದಂಡ 50 ಫ್ರಾಂಕಿಗೆ ಇಳಿಯಿತು. ಅನೈತಿಕತೆಗೂ ಡಿಸ್ಕೌಂಟ್ ಇದೆ, ನೋಡಿ. ಆ ತೀರ್ಪು ರದ್ದಾಗಿದ್ದು 1949ರಲ್ಲಿ. ಅಷ್ಟರಲ್ಲಿ ಎರಡು ಮಹಾಯುದ್ಧ ಮುಗಿದಿದ್ದವು. ಫ್ರಾನ್ಸಿನ ಕಾನೂನಿನ ಲೆಕ್ಕದಲ್ಲಿ ಆರೂ ಪದ್ಯಗಳು ಬೀಗದೊಳಗೇ ಇದ್ದವು, ಪಾಪ. ಅವುಗಳ ಮೇಲೆ ತಪ್ಪು ಹೊರಿಸುವಂತೆಯೂ ಇರಲಿಲ್ಲ.

ಲೆನಿನ್‌ಗ್ರಾಡಿನಲ್ಲಿ 1964ರಲ್ಲಿ ರಷ್ಯನ್ ಕವಿ ಬ್ರಾಡ್ಸ್ಕಿಯ ಮೇಲಿದ್ದದ್ದು ಕೆಲಸವಿಲ್ಲದ ಉಂಡಾಡಿ ಎಂಬ ಆರೋಪ. ಕವಿಗಳ ಸಾಲಿಗೆ ನಿನ್ನನ್ನು ಸೇರಿಸಿದ್ದು ಯಾರು ಎಂದು ನ್ಯಾಯಾಧೀಶೆ ಕೇಳಿದರು. ಯಾರೂ ಇಲ್ಲ, ಮನುಷ್ಯರ ಸಾಲಿಗೆ ಸೇರಿಸಿದ್ದು ಯಾರು ಎಂದ ಹುಡುಗ. 5 ವರ್ಷ ಗಡೀಪಾರು ಬಿತ್ತು. ಒಂದೂವರೆ ವರ್ಷಕ್ಕೆ ಬಿಟ್ಟರು. 1987ರಲ್ಲಿ ನೊಬೆಲ್ ಬಂದಾಗ ಅವನಿಗೆ 47. ಪ್ಲೇಟೋ ಸಾಹೇಬರ ನಿಯಮದಲ್ಲಿ ಇನ್ನೂ ಮೈನರ್.

ಇವರೆಲ್ಲರಿಗಿಂತ ಸಂಸ್ಕೃತದಲ್ಲಿ ಕಾವ್ಯದ ಶಾಸ್ತ್ರ ಬರೆದ ಕಾಶ್ಮೀರದ ಮಮ್ಮಟನೇ ವಾಸಿ. ಕಾವ್ಯ ಯಾತಕ್ಕೆ ಅಂದರೆ ಮೊದಲು ಹೆಸರಿಗೆ, ಎರಡನೆಯದು ದುಡ್ಡಿಗೆ ಎಂದು ನೇರವಾಗಿ ಬರೆದ. ಉಪದೇಶ ಕಟ್ಟಕಡೆಗೆ. ಅದೂ ಪ್ರೀತಿಸಿದವಳು ಹೇಳಿದ ಹಾಗೆ, ಕಿವಿಗೆ ಹಿತವಾಗಿ.

ನಮ್ಮ ವೇದಿಕೆಗಳಲ್ಲಿ ಆ ಪಟ್ಟಿ ತಲೆಕೆಳಗು. ಉದ್ಘಾಟಕರು ಮುಕ್ಕಾಲು ಗಂಟೆ ಮಾತಾಡುತ್ತಾರೆ: ಕವಿಗಳು ಸಮಾಜವನ್ನು ತಿದ್ದಬೇಕು, ಯುವಜನ ದಾರಿ ತಪ್ಪುತ್ತಿದ್ದಾರೆ. ಆಮೇಲೆ ಬೇರೆ ಕಾರ್ಯಕ್ರಮ ಇದೆ ಎಂದು ಹಾರದ ಸಮೇತ ಹೊರಡುತ್ತಾರೆ. ಜೊತೆಗೆ ಅರ್ಧ ಸಭೆಯೂ ಎದ್ದು ಹೋಗುತ್ತದೆ. ನಿರೂಪಕರು ಒಂದು ಚೀಟಿ ಕೊಡುತ್ತಾರೆ: ‘ಎರಡೇ ನಿಮಿಷ, ಸಾರ್.’ ಕವಿ ಕನ್ನಡಕ ಹಾಕಿಕೊಂಡು ಮೈಕಿನ ಮುಂದೆ ನಿಲ್ಲುವ ಹೊತ್ತಿಗೆ, ತಿದ್ದಬೇಕಾದ ಸಮಾಜ ಊಟದ ಕೂಪನ್ ಹಿಡಿದು ಕ್ಯೂನಲ್ಲಿ ನಿಂತಿರುತ್ತದೆ.